ಭರವಸೆ ವಾರ್ಡಿನದು, ಬೀಗದಕೈ ಆಯುಕ್ತರದು

ಜನವರಿಯ ಪಾಲಿಕೆ ಚುನಾವಣೆಗೆ ಎರಡು ವಾರ ಇರುವಾಗ ನಮ್ಮ ಸೊಸೈಟಿಯ ಗೇಟಿನ ಬಳಿ ಉಮೇದುವಾರರೊಬ್ಬರು ಕರಪತ್ರ ಹಂಚಿ ಹೋದರು. ಪಕ್ಷ ಯಾವುದಾದರೇನು, ಆ ವಾರ ಕೈಗೆ ಬಂದ ನಾಲ್ಕೂ ಕರಪತ್ರಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಪಟ್ಟಿ. ಹೊಂಡವಿಲ್ಲದ ರಸ್ತೆ, ಮೇಲಿನ ಮಹಡಿಗೂ ಏರುವ ನೀರು, ಮಳೆಗಾಲಕ್ಕೆ ಮೊದಲೇ ನಾಲಾ ಸಫಾಯಿ, ನಡೆದಾಡಲು ಫುಟ್‌ಪಾತ್, ಒಂದು ಉದ್ಯಾನ, ಒಂದು ದವಾಖಾನೆ, ಪಾರ್ಕಿಂಗ್. ನಮ್ಮ ಕೆಳಮಹಡಿಯ ಹಿರಿಯರೊಬ್ಬರು, ಐವತ್ತು ವರ್ಷಗಳ ಹಿಂದೆ ಕುಂದಾಪುರದ ಕಡೆಯಿಂದ ಬಂದವರು, ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಇದ್ರಲ್ಲಿ ಇವರ ಕೈಯಲ್ಲಿ ಇರೋದು ಯಾವ್ದು ಮಾರಾಯ್ರೇ?” ಎಂದರು.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಮಾಡುವವನಿಗೆ ಯಾವ ಪಟ್ಟಿ ಕಂಡರೂ ಪ್ರತಿ ಸಾಲಿನ ಎದುರಿಗೆ ಎರಡು ಹೆಸರು ಬರೆಯುವ ಚಟವಿರುತ್ತದೆ: ಹೊಣೆ ಯಾರದು, ಸಹಿ ಯಾರದು. ಅವೆರಡೂ ಬೇರೆಬೇರೆಯಾದರೆ ಆ ಕೆಲಸದ ಗತಿ ಏನಾಗುತ್ತದೆಂದು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಕರಪತ್ರದ ಏಳು ಸಾಲುಗಳಿಗೂ ಹಾಗೆ ಬರೆಯಲು ಕೂತೆ. ಹೊಣೆಯ ಅಂಕಣದಲ್ಲಿ ಏಳು ಸಲವೂ ಉಮೇದುವಾರರ ಹೆಸರು ಬಂತು. ಸಹಿಯ ಅಂಕಣದಲ್ಲಿ ಒಂದು ಸಲವೂ ಬರಲಿಲ್ಲ.

ಕಾರಣ ಕಾಯಿದೆಯಲ್ಲೇ ಇದೆ. ಮುಂಬಯಿ ಮಹಾನಗರಪಾಲಿಕೆ ಇವತ್ತಿಗೂ ನಡೆಯುವುದು 1888ರ ಕಾಯಿದೆಯ ಮೇಲೆ. ತಿದ್ದುಪಡಿಗಳು ಲೆಕ್ಕವಿಲ್ಲದಷ್ಟು ಆಗಿವೆ, ಆದರೆ ಎಲುಬಿನ ಗೂಡು ಅದೇ. ಅದರ 64ನೇ ಕಲಮಿನ ಪ್ರಕಾರ ನಗರದ ಆಡಳಿತ ಪಾಲಿಕೆಯ ಸಭೆಗೆ ಸೇರಿದ್ದು. ಅದೇ ಕಲಮು ಮುಂದುವರಿದು, ಅದನ್ನು ಕಾರ್ಯರೂಪಕ್ಕೆ ತರುವ ಅಧಿಕಾರ ಪೂರ್ತಿಯಾಗಿ ಆಯುಕ್ತರದು ಎನ್ನುತ್ತದೆ. ಆಯುಕ್ತರನ್ನು ನೇಮಿಸುವುದು ರಾಜ್ಯ ಸರಕಾರ. ನಾವು ಆರಿಸಿ ಕಳಿಸುವ ನಗರಸೇವಕರಿಗೆ ಬಜೆಟ್ಟಿನ ಮೇಲೆ ಮತವಿದೆ, ಸಮಿತಿಗಳಲ್ಲಿ ಕುರ್ಚಿಯಿದೆ, ಒಂದಿಷ್ಟು ವಾರ್ಡ್ ನಿಧಿಯಿದೆ, ಪ್ರಶ್ನೆ ಕೇಳುವ ಹಕ್ಕಿದೆ. ಒಬ್ಬ ಜೂನಿಯರ್ ಇಂಜಿನಿಯರನಿಗೆ ‘ನಾಳೆ ಈ ಗಟಾರ ತೆಗೆಸು’ ಎಂದು ಲಿಖಿತ ಆಜ್ಞೆ ಕೊಡುವ ಅಧಿಕಾರವಿಲ್ಲ.

ಇದನ್ನು ಬ್ರಿಟಿಷರ ಕುತಂತ್ರ ಎಂದು ಹೇಳಿ ಮುಗಿಸಿಬಿಡಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ಏರ್ಪಾಟಿನ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಯಾರೆಂದು ಓದುತ್ತ ಹೋದಾಗ ಸಿಕ್ಕ ಹೆಸರು ಫಿರೋಜ್‌ಶಾ ಮೆಹ್ತಾ. ಸಿಎಸ್‌ಎಮ್‌ಟಿಯಿಂದ ಹೊರಬಿದ್ದರೆ ಎದುರಿಗೇ ಪಾಲಿಕೆಯ ಕಟ್ಟಡ, ಅದರ ಮುಂದೆ ನಿಂತಿರುವ ಪ್ರತಿಮೆ ಅವರದೇ. ಚುನಾಯಿತ ಸಭೆಯ ಹಕ್ಕಿಗಾಗಿ ನಾಲ್ಕು ದಶಕ ಹೋರಾಡಿದವರು ಬೀಗದಕೈಯನ್ನು ಆಯುಕ್ತರ ಕೈಗೆ ಯಾಕೆ ಕೊಡಿಸಿದರು?

ಅದು ಗೊತ್ತಾಗಬೇಕಾದರೆ 1865ಕ್ಕೆ ಹೋಗಬೇಕು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ಬಾಂಬೆಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಧಾರವಾಡ ಸೀಮೆಯ ಹತ್ತಿಯೂ ಆ ಹೊಳೆಯಲ್ಲಿ ಸೇರಿತ್ತು. ಬಂದ ದುಡ್ಡು ಷೇರುಗಳಿಗೆ ಹೋಯಿತು, ಸಮುದ್ರ ತುಂಬಿಸುವ ಕಂಪನಿಗಳಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ಜುಲೈ 1ಕ್ಕೆ ಇಡೀ ಪೇಟೆ ಕುಸಿದುಬಿತ್ತು. ಅದೇ ವರ್ಷ ಹೊಸ ಕಾಯಿದೆಯೊಂದು ನಗರದ ಸಂಪೂರ್ಣ ಕಾರ್ಯಾಧಿಕಾರವನ್ನು ಒಬ್ಬನೇ ಮುನಿಸಿಪಲ್ ಕಮಿಷನರನ ಕೈಗೆ ಕೊಟ್ಟಿತು. ಆ ಕುರ್ಚಿಯಲ್ಲಿ ಕೂತವನು ಆರ್ಥರ್ ಕ್ರಾಫರ್ಡ್.

ಒಬ್ಬನ ಕೈಗೇ ಯಾಕೆ ಎಂದರೆ ಮೂವರ ಕೈಗೆ ಕೊಟ್ಟು ನೋಡಿ ಆಗಿತ್ತು. 1845ರಲ್ಲಿ ನೈರ್ಮಲ್ಯದ ಮಂಡಳಿಯೊಂದು ಹುಟ್ಟಿತು. 1858ರಲ್ಲಿ ಅದನ್ನು ತೆಗೆದು ಮೂವರು ಕಮಿಷನರುಗಳನ್ನು ಕೂರಿಸಿದರು. ಮೂವರು ಸೇರಿ ಯಾವುದನ್ನೂ ತೀರ್ಮಾನಿಸಲಾರದೆ ಹೋದರು, ನಗರ ಕೊಳೆಯುತ್ತಲೇ ಇತ್ತು. ಯಾರ ತಪ್ಪು ಎಂದು ಕೇಳಿದರೆ ಉಳಿದಿಬ್ಬರ ಕಡೆ ಬೆರಳು ತೋರಿಸುವ ಅನುಕೂಲ ಅಲ್ಲಿತ್ತು. ಇದು ನಮ್ಮ ಸ್ಟಿಯರಿಂಗ್ ಕಮಿಟಿಗಳಲ್ಲಿ ಕೂತವರಿಗೆ ಹೊಸ ಸಂಗತಿಯೇನಲ್ಲ.

ಕ್ರಾಫರ್ಡ್ ಯಾರ ಕಡೆಗೂ ಬೆರಳು ತೋರಿಸುವ ಜಾಯಮಾನದವನಲ್ಲ. ಕೆಸರು ನಿಲ್ಲುತ್ತಿದ್ದ ತಗ್ಗು ಪ್ರದೇಶಗಳನ್ನು ತುಂಬಿಸತೊಡಗಿದ. ಕಸಾಯಿಖಾನೆಗಳನ್ನು ಊರ ನಡುವಿನಿಂದ ಬಾಂದ್ರಾಕ್ಕೆ ಸಾಗಿಸಿದ. ರಸ್ತೆ ಅಗಲ ಮಾಡಿದ, ಗಟಾರ ತೋಡಿಸಿದ. 1869ರಲ್ಲಿ ಮುಗಿದ ಮಾರುಕಟ್ಟೆಗೆ ಇಂದು ಮಹಾತ್ಮಾ ಫುಲೆ ಮಂಡಿ ಎಂದು ಹೆಸರು, ಆದರೆ ಟ್ಯಾಕ್ಸಿಯವರಿಗೆ ಈಗಲೂ ಕ್ರಾಫರ್ಡ್ ಮಾರ್ಕೆಟ್ ಎಂದರೇ ಸಲೀಸು. ಸಾವಿನ ಪ್ರಮಾಣ ಇಳಿಯಿತು. ಜೊತೆಗೆ ಖರ್ಚು ಏರಿತು. ಪೇಟೆ ಕುಸಿದು ಬಾಡಿಗೆ ಇಳಿದು ಮನೆ ಮಾಲೀಕರು ಒದ್ದಾಡುತ್ತಿದ್ದ ಹೊತ್ತಿಗೆ ಮನೆಗಂದಾಯ ಮೇಲೇರಿತು. ಮಲ ಸಾಗಿಸುವ ಕೆಲಸಕ್ಕೆ ಹಲಾಲ್‌ಖೋರ್ ಎಂಬ ಪ್ರತ್ಯೇಕ ತೆರಿಗೆ ಬೇರೆ. ಖರ್ಚಿನ ಮೇಲೆ ಕಣ್ಣಿಡಬೇಕಿದ್ದವರು ಜಸ್ಟಿಸ್ ಆಫ್ ದಿ ಪೀಸ್ ಎಂಬ ಬಿರುದಿನ ಗಣ್ಯರು. ಅವರನ್ನು ಯಾರೂ ಆರಿಸಿರಲಿಲ್ಲ, ಸರಕಾರ ಕೊಟ್ಟ ಮರ್ಯಾದೆ ಅದು. ಪಟ್ಟಿಯಲ್ಲಿ ಹೆಸರು ಬಹಳ, ಸಭೆಗೆ ಬರುವವರು ಕಡಿಮೆ. ಕಮಿಷನರ್ ಖರ್ಚು ಮಾಡಿದ ಮೇಲೆ ಲೆಕ್ಕ ನೋಡಿ ಗಾಬರಿಯಾಗುವುದಷ್ಟೇ ಅವರ ಪಾಲಿಗೆ ಉಳಿದಿತ್ತು.

1871ರಲ್ಲಿ ಕರದಾತರು ರೊಚ್ಚಿಗೆದ್ದರು. ನವರೋಜಿ ಫರ್ದೂಂಜಿ, ವಿಶ್ವನಾಥ ನಾರಾಯಣ ಮಂಡಲಿಕ್ ಮುಂತಾದವರು ಮುಂದಾಳುಗಳು. ಕಮಿಷನರನ ಏಕಾಧಿಕಾರ ತೆಗೆಯಿರಿ, ನಗರವನ್ನು ನಡೆಸುವ ಅಧಿಕಾರವನ್ನೇ ಒಂದು ಟೌನ್ ಕೌನ್ಸಿಲಿಗೆ ಕೊಡಿ ಎಂಬ ಬೇಡಿಕೆ ಬಲವಾಯಿತು. ಇಂದಿನ ನಮ್ಮ ಕಿವಿಗೆ ಇದು ಪ್ರಜಾಪ್ರಭುತ್ವದ ಬೇಡಿಕೆಯಾಗಿಯೇ ಕೇಳುತ್ತದೆ. ಆ ವರ್ಷದ ನವೆಂಬರಿನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನ ಸಭೆಯಲ್ಲಿ 26 ವರ್ಷದ ಬ್ಯಾರಿಸ್ಟರ್ ಒಬ್ಬರು ಎದ್ದುನಿಂತು ಇದಕ್ಕೆ ವಿರುದ್ಧವಾಗಿ ಪ್ರಬಂಧ ಓದಿದರು. ಅವರೇ ಮೆಹ್ತಾ. ಇಂಗ್ಲೆಂಡಿನಿಂದ ಮರಳಿ ಮೂರು ವರ್ಷವಾಗಿತ್ತಷ್ಟೆ.

ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕ್ರಾಫರ್ಡ್ ಮಾಡಿದ ಕೆಲಸ ನಗರಕ್ಕೆ ಬೇಕಾದದ್ದೇ ಆಗಿತ್ತು. ತಪ್ಪು ಕಮಿಷನರ್ ಒಬ್ಬನೇ ಇದ್ದದ್ದರಲ್ಲಿ ಇಲ್ಲ. ಅವನನ್ನು ಕಾಯಬೇಕಾದವರು ಯಾರಿಗೂ ಉತ್ತರ ಕೊಡಬೇಕಿಲ್ಲದ ಜನರಾಗಿದ್ದದ್ದರಲ್ಲಿ ಇದೆ. ಅದೇ ಜಸ್ಟಿಸ್‌ಗಳಿಂದ ಹತ್ತು ಜನರನ್ನು ಆರಿಸಿ ಕೆಲಸ ಮಾಡಿಸಲು ಕೂರಿಸಿದರೆ 1858ರ ಕಥೆ ಮರಳಿ ಬರುತ್ತದೆ, ಹೊಣೆ ಹಂಚಿಹೋಗಿ ಯಾರನ್ನೂ ಹಿಡಿಯಲಾಗುವುದಿಲ್ಲ. ಆದ್ದರಿಂದ ಕೆಲಸ ಮಾಡಿಸುವವನು ಒಬ್ಬನೇ ಇರಲಿ, ಅವನನ್ನು ಸರಕಾರ ನೇಮಿಸಲಿ. ಆದರೆ ಅವನಿಗೆ ಹಣ ಕೊಡುವ ಸಭೆಯನ್ನು ಕರದಾತರು ಚುನಾಯಿಸಲಿ, ಲೆಕ್ಕ ತಪಾಸಿಸುವ ಅಧಿಕಾರಿಯನ್ನು ಆ ಸಭೆಯೇ ನೇಮಿಸಲಿ.

ಕೇಳುಗರಿಗೆ ರುಚಿಸಲಿಲ್ಲ. ಸಭೆ ಗದ್ದಲವಾಯಿತು, ಕೂಗಿ ಅಡ್ಡಿಪಡಿಸಿದರು. ಎಲ್ಲರೂ ಬೈಯುತ್ತಿದ್ದ ಮನುಷ್ಯನನ್ನು ಸಮರ್ಥಿಸಿದ ತರುಣ ಇನ್ನೇನು ನಿರೀಕ್ಷಿಸಬಹುದಿತ್ತು! (ಕ್ರಾಫರ್ಡನ ಮುಂದಿನ ಕಥೆ ಚೆನ್ನಾಗಿಲ್ಲ. 1888ರಲ್ಲಿ, ಪುಣೆಯ ಕಡೆ ಕಂದಾಯ ವಿಭಾಗದ ಕಮಿಷನರಾಗಿದ್ದಾಗ ಲಂಚದ ಭಾರೀ ಹಗರಣದಲ್ಲಿ ಸಿಕ್ಕಿಕೊಂಡ. ವಿಚಾರಣಾ ಆಯೋಗ ಲಂಚದ ಆರೋಪ ಸಾಬೀತಾಗಿಲ್ಲ ಎಂದಿತು. ಕೈಕೆಳಗಿನ ಪ್ರದೇಶದ ಜನರಿಂದ ಸಾಲ ಎತ್ತಿದ ತಪ್ಪಿಗೆ ಸರಕಾರ ಅವನನ್ನು ಸೇವೆಯಿಂದ ತೆಗೆಯಿತು. 1871ರಲ್ಲಿ ಮೆಹ್ತಾ ಸಮರ್ಥಿಸಿದ್ದು ಅವನ ಕೆಲಸವನ್ನು ಮತ್ತು ಆ ಹುದ್ದೆಯನ್ನು. ಆದರೂ ಮನುಷ್ಯ ಹೇಗಿದ್ದರೂ ಹುದ್ದೆ ಸರಿಯಾಗಿದ್ದರೆ ಸಾಕು ಎನ್ನುವವರು ಈ ಕಂಸದೊಳಗಿನ ಮಾತನ್ನು ಮರೆಯಬಾರದು.)

ಮರುವರ್ಷ ಬಂದ 1872ರ ಕಾಯಿದೆ ಹೆಚ್ಚಿನಂಶ ಆ ಪ್ರಬಂಧದ ದಾರಿಯಲ್ಲೇ ನಡೆಯಿತು. 64 ಜನರ ಸಭೆ. ಅದರಲ್ಲಿ 32 ಮಂದಿ ಕರದಾತರಿಂದ ಚುನಾಯಿತರು, 16 ಮಂದಿ ಜಸ್ಟಿಸ್‌ಗಳು ಆರಿಸಿದವರು, 16 ಮಂದಿ ಸರಕಾರದ ನಾಮಕರಣ. ಹಣಕಾಸಿನ ಮೇಲೆ ಕಣ್ಣಿಡಲು 12 ಜನರ ಟೌನ್ ಕೌನ್ಸಿಲ್. ಕೆಲಸ ಮಾಡಿಸಲು ಕಮಿಷನರ್. ಹೊಸ ಸಭೆ 1873ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಸೇರಿತು.

ಮತದಾರರು ಯಾರು ಎಂಬುದನ್ನೂ ಹೇಳಬೇಕು. ವರ್ಷಕ್ಕೆ 50 ರೂಪಾಯಿ ಮನೆಗಂದಾಯ ಮತ್ತಿತರ ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಆರೂವರೆ ಲಕ್ಷದ ಹತ್ತಿರ ಜನಸಂಖ್ಯೆಯಿದ್ದ ಊರಿನಲ್ಲಿ ಮತದಾರರು ಕೆಲವೇ ಸಾವಿರ. ಚಾಳಿನಲ್ಲಿ ಬಾಡಿಗೆಗಿದ್ದ ಗಿರಣಿ ಕೆಲಸಗಾರನಿಗೆ ಮತವಿಲ್ಲ, ಚಾಳಿನ ಮಾಲೀಕನಿಗೆ ಇದೆ. ಹೀಗಾಗಿ ಆ ಕಾಲದ ಉಮೇದುವಾರನ ಆದ್ಯತೆಗಳ ಪಟ್ಟಿ ನಮ್ಮ ಗೇಟಿಗೆ ಬಂದ ಪಟ್ಟಿಯಂತೆ ಇರಲು ಸಾಧ್ಯವೇ ಇರಲಿಲ್ಲ. ಮತ ಹಾಕುವವನಿಗೆ ಬೇಕಿದ್ದ ಮೊದಲ ಸಂಗತಿ ತೆರಿಗೆ ಏರದಿರುವುದು. ನೀರು ಬೇಕಿತ್ತು, ನಿಜ. 1860ರ ವಿಹಾರ ಕೆರೆ ಸಾಲದೆ 1879ರಲ್ಲಿ ತುಳಸಿ ಬಂತು, ಅದೂ ಸಾಲದೆ 1892ರಲ್ಲಿ ತಾನ್ಸಾದ ನೀರು ಬಂತು. ನೀರು ತರುವ ಮಾತಿಗೆ ಸಭೆಯಲ್ಲಿ ಒಪ್ಪಿಗೆ ಸಿಗುತ್ತಿತ್ತು. ಬಂದ ನೀರು ಹರಿದುಹೋಗಲು ಚಾಳುಗಳ ಒಳಗೆ ಗಟಾರ ಮಾಡಿಸಿ ಎಂದರೆ ಮನೆ ಮಾಲೀಕರು ಕುಂತಲ್ಲಿಂದ ಏಳುತ್ತಿರಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಗುರುತಿಸಿ ಎಚ್ಚರಿಸಿದ ಡಾ. ಅಕಾಸಿಯೊ ವಿಯೆಗಾಸ್ ಸ್ವತಃ ಪಾಲಿಕೆಯ ಸದಸ್ಯರು.

ನಡುವೆ 1888ರ ಕಾಯಿದೆ. ಸರಕಾರ ಮೊದಲು ತಂದ ಮಸೂದೆ ಕಮಿಷನರನಿಗೆ ಇನ್ನಷ್ಟು ಬಲ ಕೊಡುವಂತಿತ್ತು. ಆ ಹೊತ್ತಿಗೆ ಪಾಲಿಕೆಯ ಅಧ್ಯಕ್ಷ ಪದವಿಯನ್ನೂ ಕಂಡಿದ್ದ ಮೆಹ್ತಾ, ಕಾಶಿನಾಥ ತ್ರಿಂಬಕ ತೇಲಂಗರ ಜೊತೆ ಶಾಸನಸಭೆಯಲ್ಲಿ ಕೂತು ಅದನ್ನು ಕಲಮು ಕಲಮಾಗಿ ತಿದ್ದಿಸಿದರು. ಸಭೆ 72 ಜನರದಾಯಿತು. ಟೌನ್ ಕೌನ್ಸಿಲ್ ಹೋಗಿ ಸ್ಥಾಯಿ ಸಮಿತಿ ಬಂತು. ದೊಡ್ಡ ಗುತ್ತಿಗೆ ಅದರ ಮುಂದೆ ಬರಬೇಕು, ಬಜೆಟ್ ಅದರ ಕೈಯಿಂದ ಹಾದು ಸಭೆಗೆ ಹೋಗಬೇಕು. ಸಭೆಯ ಎಂಟರಲ್ಲಿ ಐದು ಪಾಲು ಸದಸ್ಯರು ಬೇಡವೆಂದರೆ ಸರಕಾರ ಕಮಿಷನರನನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು. ಪಾಲಿಕೆ ಮಾಡಲೇಬೇಕಾದ ಕೆಲಸ ಯಾವುದು, ಮನಸ್ಸಿದ್ದರೆ ಮಾಡಬಹುದಾದ ಕೆಲಸ ಯಾವುದು ಎಂದು ಎರಡು ಬೇರೆ ಪಟ್ಟಿಗಳು, 61 ಮತ್ತು 63ನೇ ಕಲಮುಗಳಲ್ಲಿ. ಕಸ, ಗಟಾರ, ನೀರು, ಬೆಂಕಿ ಆರಿಸುವುದು, ಸ್ಮಶಾನ, ಪ್ರಾಥಮಿಕ ಶಾಲೆ ಮೊದಲನೆಯದರಲ್ಲಿವೆ. ನನ್ನ ಮಟ್ಟಿಗೆ ಈ ದೇಶದಲ್ಲಿ ಒಂದು ನಗರದ ಆದ್ಯತೆಗಳನ್ನು ಇಷ್ಟು ಖಚಿತವಾಗಿ ಬರೆದಿಟ್ಟ ದಾಖಲೆ ಕಡಿಮೆ. ಚುನಾವಣೆಯ ಕರಪತ್ರಗಳಿಗಿಂತ ಇದನ್ನೇ ಅಚ್ಚುಹಾಕಿ ಗೇಟಿಗೆ ಅಂಟಿಸಬಹುದು.

ಮೆಹ್ತಾರ ಲೆಕ್ಕಾಚಾರ ಹೀಗಿತ್ತು: ಕೈ ಒಂದೇ ಇರಲಿ, ಆದರೆ ಆ ಕೈಗೆ ದುಡ್ಡು ಬರುವುದು ಸಭೆಯ ಚೀಲದಿಂದ. ಚೀಲದ ಬಾಯಿ ಹಿಡಿದವನು ಕೈಯನ್ನೂ ಹಿಡಿದಂತೆಯೇ. ಇದು ಕೆಲಸ ಮಾಡಬೇಕಾದರೆ ಚೀಲದ ಬಾಯಿ ಹಿಡಿಯುವವರು ಬಜೆಟ್ಟಿನ ಪ್ರತಿ ಪುಟ ಓದುವವರಾಗಿರಬೇಕು, ವರ್ಷಗಟ್ಟಲೆ ಅದನ್ನೇ ಮಾಡಬೇಕು. ಮೆಹ್ತಾ ಮಾಡಿದರು. 1870ರ ದಶಕದಿಂದ 1915ರಲ್ಲಿ ತೀರಿಹೋಗುವವರೆಗೂ ಸಭೆಯನ್ನು ಬಿಡಲಿಲ್ಲ. ನಗರದ ಪೊಲೀಸರ ಖರ್ಚನ್ನು ಪಾಲಿಕೆಯ ತಲೆಗೆ ಕಟ್ಟಿದ್ದರ ವಿರುದ್ಧ ವರ್ಷಾನುಗಟ್ಟಲೆ ವಾದಿಸಿದರು. ಪೊಲೀಸರ ಮೇಲೆ ನಮಗೆ ಅಧಿಕಾರವಿಲ್ಲ ಎಂದಮೇಲೆ ಅವರ ಸಂಬಳ ನಾವೇಕೆ ಕೊಡಬೇಕು ಎಂಬುದು ಪ್ರಶ್ನೆ. 1907ರ ಕಾಯಿದೆಯಿಂದ ಪೊಲೀಸ್ ಖರ್ಚು ಸರಕಾರದ ಪಾಲಾಯಿತು. ಬದಲಿಗೆ ಪ್ರಾಥಮಿಕ ಶಿಕ್ಷಣ, ವೈದ್ಯಕೀಯ ನೆರವುಗಳ ಭಾರ ಪಾಲಿಕೆಗೆ ಬಂತು. ಮುಂಬಯಿಯ ಪಾಲಿಕೆ ಶಾಲೆಗಳು, ಅವುಗಳಲ್ಲಿ ನಮ್ಮ ಎಷ್ಟೋ ಹೋಟೆಲ್ ಹುಡುಗರು ಕಲಿತ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿ, ಆ ಹೊಣೆಯ ಮೇಲೆ ಬೆಳೆದವು.

ಇಷ್ಟು ಹಟದ ಮನುಷ್ಯನನ್ನು ಅಧಿಕಾರಿಗಳು ಸಹಿಸುವುದು ಹೇಗೆ? ಅದೇ 1907ರಲ್ಲಿ ಅವರನ್ನು ಸಭೆಯಿಂದಲೇ ಹೊರಗಿಡಲು ಒಂದು ಗುಂಪು ಕಟ್ಟಿಕೊಂಡರು. ಚರಿತ್ರೆಯಲ್ಲಿ ಅದಕ್ಕೆ ‘ಕಾಕಸ್’ ಎಂದೇ ಹೆಸರು. ಮುಂದಾಳು ಅಕೌಂಟೆಂಟ್ ಜನರಲ್ ಹ್ಯಾರಿಸನ್; ಜೊತೆಗೆ ಪೊಲೀಸ್ ಕಮಿಷನರ್ ಗೆಲ್, ಟೈಮ್ಸ್ ಆಫ್ ಇಂಡಿಯಾದ ಸಂಪಾದಕ ಲೊವಾಟ್ ಫ್ರೇಜರ್. ಜಸ್ಟಿಸ್‌ಗಳು ಆರಿಸುವ 16 ಸ್ಥಾನಗಳಿಗೆ ತಮ್ಮದೇ 16 ಜನರ ಪಟ್ಟಿ ಮಾಡಿ ಮತ ಕೂಡಿಸಿದರು. ಹದಿನಾರೂ ಜನ ಗೆದ್ದರು. ಮೆಹ್ತಾ ಬಂದದ್ದು ಹದಿನೇಳನೆಯವರಾಗಿ. ಊರಿಗೆ ಊರೇ ಸಿಟ್ಟಾಯಿತು. ಮುಂದೆ ಗೆದ್ದವರಲ್ಲಿ ಒಬ್ಬರ ಆಯ್ಕೆಯನ್ನು ನ್ಯಾಯಾಲಯ ಅಸಿಂಧುವೆಂದಿತು, ಸಾಲಿನಲ್ಲಿ ಮುಂದಿನವರೆಂದು ಮೆಹ್ತಾ ಒಳಗೆ ಬಂದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಪ್ರಸಂಗದ ಒಂದೇ ಅಂಶ. ಅಧಿಕಾರಿಗಳು ಒಬ್ಬ ಸದಸ್ಯನನ್ನು ತೆಗೆಯಲು ಇಷ್ಟು ಬೆವರು ಸುರಿಸಿದರು ಎಂದರೆ ಅವನ ಆ ಬರಿಯ ಮತಕ್ಕೆ, ಬರಿಯ ಪ್ರಶ್ನೆಗೆ ಎಷ್ಟು ಬೆಲೆ ಇದ್ದಿರಬೇಕು! ಇವತ್ತು ಒಬ್ಬ ನಗರಸೇವಕರನ್ನು ಹೊರಗಿಡಲು ಅಕೌಂಟೆಂಟ್ ಜನರಲ್ಲರು ತಲೆಕೆಡಿಸಿಕೊಳ್ಳುತ್ತಾರೆಯೇ?

ಸಭೆಯ ಚೀಲಕ್ಕೆ ಕತ್ತರಿ ಬೀಳುವ ಕೆಲಸ ಮೆಹ್ತಾರ ಕಣ್ಣೆದುರೇ ಶುರುವಾಗಿತ್ತು. ಪ್ಲೇಗಿನ ನಂತರ, 1898ರಲ್ಲಿ, ಕೊಳೆಗೇರಿ ಕೆಡವಿ ಹೊಸ ಬಡಾವಣೆ, ಹೊಸ ರಸ್ತೆ ಮಾಡಲು ಸರಕಾರ ಪಾಲಿಕೆಯನ್ನು ಬದಿಗಿಟ್ಟು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಬೇರೆಯೇ ಸಂಸ್ಥೆ ಕಟ್ಟಿತು. ಮಾಟುಂಗಾ, ದಾದರಿನ ಅಂದವಾದ ಬಡಾವಣೆಗಳು ಅದರ ಕೊಡುಗೆ. ಮಾಟುಂಗಾದಲ್ಲಿ ಇಡ್ಲಿ ತಿನ್ನಲು ಹೋಗುವ ನಾವೆಲ್ಲ ಅದರ ಫಲಾನುಭವಿಗಳೇ. ಟ್ರಸ್ಟ್ 1933ರಲ್ಲಿ ಪಾಲಿಕೆಯಲ್ಲಿ ಸೇರಿಹೋಯಿತು. ಆದರೆ ಚುನಾಯಿತರ ಕೈಗೆ ಸಿಗದಂತೆ ಬೇರೆ ಸಂಸ್ಥೆ ಮಾಡಿ ದೊಡ್ಡ ಕೆಲಸ ಮಾಡಿಸುವ ರೂಢಿ ನಿಲ್ಲಲಿಲ್ಲ. ಮೈಸೂರಿನಲ್ಲಿ 1903ರಲ್ಲೇ ಇಂಥದೊಂದು ಟ್ರಸ್ಟ್ ಬೋರ್ಡ್ ಬಂತು, ಬೆಂಗಳೂರಿನಲ್ಲಿ 1945ರಲ್ಲಿ. ಅದೇ 1976ರಲ್ಲಿ ಬಿಡಿಎ ಆಯಿತು. ಮುಂಬಯಿಯ ಫ್ಲೈಓವರ್, ಮೆಟ್ರೋಗಳ ವಿಷಯಕ್ಕೆ ಬಂದರೆ ಎಮ್‌ಎಮ್‌ಆರ್‌ಡಿಎ ಹೆಸರು ಎಲ್ಲರಿಗೂ ಗೊತ್ತು.

ಆಯುಕ್ತರ ಏರ್ಪಾಟೂ ಹಾಗೆಯೇ ಹಬ್ಬಿತು. 1949ರ ಬಾಂಬೆ ಪ್ರಾಂತ್ಯದ ಕಾರ್ಪೊರೇಷನ್ ಕಾಯಿದೆ ಇದೇ ಎರಕದ್ದು. ಕರ್ನಾಟಕದ ನಗರಗಳಿಗೆ 1976ರಲ್ಲಿ ಬಂದ ಕಾಯಿದೆಯಲ್ಲೂ ಮೇಯರ್‌ಗೆ ಗೌನು, ಆಯುಕ್ತರಿಗೆ ಕಡತ. ಮುಂಬಯಿಯಲ್ಲಿ 1998ರಲ್ಲಿ ಮೇಯರ್ ಇನ್ ಕೌನ್ಸಿಲ್ ತಂದು ಕಾರ್ಯಾಧಿಕಾರವನ್ನು ಚುನಾಯಿತರಿಗೆ ಕೊಟ್ಟು ನೋಡಿದರು, ವರ್ಷ ತುಂಬಿದ್ದೇ ಕೈಬಿಟ್ಟರು. 74ನೇ ತಿದ್ದುಪಡಿ ನಗರಗಳಿಗೆ ಒಪ್ಪಿಸಬಹುದಾದ 18 ಕೆಲಸಗಳ ಪಟ್ಟಿ ಮಾಡಿತು, ಒಪ್ಪಿಸುವುದನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು.

ಒಂದಂತೂ ನಿಜ, ಈ ನಡುವೆ ಮತದಾರ ಬದಲಾದ. 50 ರೂಪಾಯಿಯ ಗೆರೆ ಇಳಿಯುತ್ತ ಬಂದು ಬಾಡಿಗೆದಾರರಿಗೂ ಮತ ಸಿಕ್ಕಿತು, 1948ರಲ್ಲಿ ವಯಸ್ಕರಿಗೆಲ್ಲ ಸಿಕ್ಕಿತು. ಮೆಹ್ತಾರ ಕಾಲದಲ್ಲಿ ಸಭೆಗೆ ತೂಕವಿತ್ತು, ಮತದಾರರು ಬೆರಳೆಣಿಕೆಯವರು. ಚಾಳಿನವನ ಕೈಗೆ ಮತ ಬರುತ್ತ ಬಂದಂತೆ ಸಭೆಯ ತೂಕ ಇಳಿಯುತ್ತ ಹೋಯಿತು. ಇದು ಬರಿಯ ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ, ಹಾಗೆಂದು ಸಾಧಿಸಿ ತೋರಿಸುವ ಇತಿಹಾಸಕಾರನೂ ನಾನಲ್ಲ.

2022ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದ ಮೇಲೆ ನಾಲ್ಕು ವರ್ಷದ ಹತ್ತಿರ ಚುನಾಯಿತ ಸಭೆಯೇ ಇರಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿ. 2025-26ರ 74,427 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ್ದೂ ಆಡಳಿತವೇ, ಒಪ್ಪಿಕೊಂಡದ್ದೂ ಆಡಳಿತವೇ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಮುಗಿದ ಅವಧಿಯ ನಂತರ ಐದು ವರ್ಷಕ್ಕೂ ಹೆಚ್ಚು ಕಾಲ ಇದೇ ಸ್ಥಿತಿ. ಕೈ ಮತ್ತು ಚೀಲ ಎರಡೂ ಒಬ್ಬರದೇ ಆದ ಈ ವರ್ಷಗಳಲ್ಲಿ ಕಸದ ಗಾಡಿ ಬರುತ್ತಿತ್ತು, ನೀರೂ ಬರುತ್ತಿತ್ತು. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸಭೆ ಇಲ್ಲವಲ್ಲ ಎಂದು ಒಬ್ಬರೂ ಬರೆದದ್ದು ನೆನಪಿಲ್ಲ. ನಾನೂ ಬರೆಯಲಿಲ್ಲ. 1871ರಲ್ಲಿ ಮೆಹ್ತಾರನ್ನು ಕೂಗಿ ಕೂರಿಸಿದ ಆ ಕರದಾತರಿಗೆ ಇದನ್ನು ಹೇಳಿದರೆ ನಂಬುತ್ತಿರಲಿಲ್ಲ.

ಚುನಾವಣೆಗೆ ನಾಲ್ಕು ದಿನ ಇರುವಾಗ ಅದೇ ಉಮೇದುವಾರರು ಮತ್ತೊಮ್ಮೆ ಬಂದರು. ಕೆಳಮಹಡಿಯ ಹಿರಿಯರು ಅಷ್ಟರಲ್ಲಿ ನನ್ನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ರಸ್ತೆಯ ಸುದ್ದಿ ಎತ್ತಲಿಲ್ಲ, ನೀರಿನ ಸುದ್ದಿಯನ್ನೂ ಎತ್ತಲಿಲ್ಲ. ತಮ್ಮ ಹೋಟೆಲ್ ಕಾಲದ ಮರಾಠಿಯಲ್ಲಿ, ಗೆದ್ದರೆ ಸ್ಥಾಯಿ ಸಮಿತಿಗೆ ಹೋಗುವ ಆಸೆ ಇದೆಯೇ, ಬಜೆಟ್ ಪುಸ್ತಕ ಓದಿದ್ದೀರಾ ಎಂದು ಕೇಳಿದರು. ಜೊತೆಗಿದ್ದ ಹುಡುಗರು ನಕ್ಕರು. ಉಮೇದುವಾರರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೂರ್ತಿ ಓದಿಲ್ಲ ಕಾಕಾ, ನಮ್ಮ ವಾರ್ಡಿನ ಪುಟ ಓದಿದ್ದೇನೆ” ಎಂದರು. ಹಿರಿಯರು ಯಾವ ಪುಟ ಎಂದು ಕೇಳಿ, ಕರಪತ್ರದ ಹಿಂಬದಿಯಲ್ಲಿ ಬರೆದುಕೊಂಡರು.